ಕೆಂಪು ತ್ರಿಕೋನದ ಡಬ್ಬಿ

ಶನಿವಾರ ಹೊತ್ತು ಮುಳುಗುವುದರೊಳಗೆ ಈ ಮನೆಯಲ್ಲಿ ಒಂದು ತೊಟ್ಟು ವಿಷವೂ ಉಳಿಯಕೂಡದು, ಉಳಿದರೆ ತಾನು ತಾಯಿಯೇ ಅಲ್ಲ ಎಂದು ಶೈಲಶ್ರೀ ಡೈರಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಳು. ಮೊದಲನೆಯ ಗೆರೆ ನಿರ್ಧಾರಕ್ಕೆ, ಎರಡನೆಯದು ಗಂಡ ಪ್ರವೀಣಕುಮಾರನ ಕಣ್ಣಿಗೆ ಬೀಳಲಿ ಎಂದು.

ಇಂಥ ಭೀಷ್ಮ ಪ್ರತಿಜ್ಞೆಗೆ ಕಾರಣ ಹದಿನಾಲ್ಕು ತಿಂಗಳ ಮಗಳು ಮಧು. ಅವಳು ನಡೆಯಲು ಕಲಿತು ಇಪ್ಪತ್ತೇ ದಿನವಾಗಿತ್ತು. ಅಷ್ಟರೊಳಗೆ ಚಪ್ಪಲಿಯ ಪಟ್ಟಿ, ರಿಮೋಟಿನ ಸೆಲ್ಲು, ಗೋಡೆಯ ಸುಣ್ಣ, ಅಪ್ಪನ ಬೈಕಿನ ಗಾಲಿ ಎಲ್ಲದರ ರುಚಿ ನೋಡಿ, ರಾಣೆಬೆನ್ನೂರಿನಲ್ಲಿ ಇನ್ನೇನೇನು ಸಿಗುತ್ತದೆ ಎಂದು ಹುಡುಕತೊಡಗಿದ್ದಳು. ಅದೇ ವಾರ ನಗರಸಭೆಯ ಗಾಡಿ ಓಣಿ ಓಣಿಯಲ್ಲಿ ಮೈಕು ಹಾಕಿಕೊಂಡು ತಿರುಗಿತು. ಮನೆಯಲ್ಲಿರುವ ಹಳೆಯ ಸೆಲ್ಲು, ಟ್ಯೂಬ್‌ಲೈಟು, ಬಣ್ಣದ ಡಬ್ಬಿ, ಅವಧಿ ಮೀರಿದ ಔಷಧಿ, ಕೀಟನಾಶಕ, ಇವನ್ನೆಲ್ಲ ದಿನದ ಕಸದಲ್ಲಿ ಹಾಕಬೇಡಿ, ಶನಿವಾರ ಬರುವ ಬೇರೆ ಗಾಡಿಗೆ ಕೊಡಿ ಎಂದು. ಶೈಲಶ್ರೀಗೆ ಅದು ಆಕಾಶವಾಣಿಯಂತೆಯೇ ಕೇಳಿಸಿತು.

ಅತ್ತೆ ಹೊನ್ನವ್ವ ಊರಲ್ಲಿ ಇರಲಿಲ್ಲ. ಗಳಗನಾಥದಲ್ಲಿದ್ದ ಅಕ್ಕನನ್ನು ಮಾತಾಡಿಸಲು ಹಿಂದಿನ ದಿನವೇ ಹೋಗಿದ್ದಳು. ಸೊಸೆಯೊಬ್ಬಳು ಮನೆ ತೊಳೆಯಲು ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವ ಪಂಚಾಂಗದಲ್ಲಿದೆ!

ಬೆಳಗ್ಗೆ ಏಳಕ್ಕೆ ದಂಡಯಾತ್ರೆ ಶುರುವಾಯಿತು. ಸೋರಿ ಬೆಳ್ಳಗಾದ ಸೆಲ್ಲುಗಳು ಹನ್ನೊಂದು ಸಿಕ್ಕವು. ಮದುವೆಯ ವರ್ಷದ ಬಣ್ಣದ ಡಬ್ಬಿ ಸಿಕ್ಕಿತು. ಅದರೊಳಗೆ ಬ್ರಷ್ಷು ಕಂಬದ ಹಾಗೆ ನಿಂತೇ ಕಲ್ಲಾಗಿತ್ತು. ಮಾವನವರ ಕೆಮ್ಮಿನ ಔಷಧಿ ಸಿಕ್ಕಿತು. ಕೆಮ್ಮು ಹೋಗಿತ್ತು, ಮಾವನವರೂ ಹೋಗಿದ್ದರು, ಔಷಧಿ ಮಾತ್ರ ತನಗೆ ಸಂಬಂಧವಿಲ್ಲವೆಂಬಂತೆ ಕುಳಿತಿತ್ತು. ಅಡುಗೆಮನೆಯಲ್ಲಿ ಕೈಗೆಟುಕದ ಎತ್ತರಕ್ಕೆ ನಾಗಂದಿಗೆಯ ಹಲಗೆ ಇತ್ತು. ಕುರ್ಚಿ ಹತ್ತಿ, ಹಪ್ಪಳದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ ಶೈಲಶ್ರೀ ಕೈಯನ್ನು ಸರಕ್ಕನೆ ಹಿಂದೆಳೆದುಕೊಂಡಳು.

ಅಲ್ಲಿ ಒಂದು ತಗಡಿನ ಡಬ್ಬಿ. ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳ ಬಿಗಿದಿದೆ. ಹೊಟ್ಟೆಯ ಮೇಲೆ ಚೀಟಿ. ಚೀಟಿಯಲ್ಲಿ ಕೆಂಪು ತ್ರಿಕೋನ, ತಲೆಬುರುಡೆ, ಎರಡು ಎಲುಬು, ಮೇಲೆ ದಪ್ಪಕ್ಷರದಲ್ಲಿ ‘ವಿಷ’. ಅದೂ ಹಪ್ಪಳದ ನೆರೆಮನೆಯಲ್ಲಿ! ಐದು ವರ್ಷದಿಂದ ತಾನು ಕರಿದು ತಿಂದ ಹಪ್ಪಳಗಳೆಲ್ಲ ಶೈಲಶ್ರೀಯ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು.

ಮಧುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಮೂಗಿಗೆ ಓಢಣಿ ಕಟ್ಟಿಕೊಂಡು, ಡಬ್ಬಿಗೆ ಹಳೆಯ ಸೀರೆ ಸುತ್ತಿ, ತೋಳು ಉದ್ದಕ್ಕೆ ಚಾಚಿ, ತುಂಬಿದ ಕೊಡ ಹೊತ್ತ ಹೊಸ ಮದುವಣಗಿತ್ತಿಯಂತೆ ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ ಅವಳು ಓಣಿಯ ಹಿಟ್ಟಿನ ಗಿರಣಿಯ ಮೂಲೆಗೆ ಹೋದಳು. ಗಾಡಿ ನಿಂತಿತ್ತು. ಮೇಲ್ವಿಚಾರಕ ಯೂಸುಫಸಾಬ ಮಡಿಲಲ್ಲಿ ರಿಜಿಸ್ಟರ್ ಇಟ್ಟುಕೊಂಡು ಕುಳಿತಿದ್ದ. ಕೈಗವಸು ಹಾಕಿದ ಪೌರಕಾರ್ಮಿಕೆ ಫಕ್ಕೀರವ್ವ ಜನ ತಂದದ್ದನ್ನು ವಿಂಗಡಿಸುತ್ತಿದ್ದಳು. ಸೆಲ್ಲು ಒಂದು ಪೆಟ್ಟಿಗೆಗೆ, ಬಣ್ಣ ಇನ್ನೊಂದಕ್ಕೆ.

ನಾಲ್ಕು ಜನ ಕೂಡಿದ್ದನ್ನು ಕಂಡದ್ದೇ ತಡ, ಶೈಲಶ್ರೀಗೆ ಉಪನ್ಯಾಸ ಉಕ್ಕಿ ಬಂತು. ಇಂಥ ಡಬ್ಬಿಯನ್ನು ಮುಟ್ಟಿದ ಕೈಯಿಂದ ಊಟ ಮಾಡಬಾರದು, ಮೂಸಬಾರದು, ಅಲ್ಲಾಡಿಸಬಾರದು, ಬಿಸಿಲಿಗಿಡಬಾರದು. ನಗರಸಭೆಯವರು ಮೈಕಿನಲ್ಲಿ ಹೇಳಿದ್ದನ್ನೆಲ್ಲ ಹೇಳಿ, ಅವರು ಮರೆತದ್ದನ್ನೂ ತಾನೇ ಸೇರಿಸಿದಳು. ಯೂಸುಫಸಾಬನಿಗೆ ಬಹಳ ಸಂತೋಷವಾಯಿತು. ಎಲ್ಲರೂ ಈ ಅಕ್ಕಾರನ್ನು ನೋಡಿ ಕಲಿಯಬೇಕು ಎಂದ. ಒಳಗೇನಿದೆ ಎಂದು ಕೇಳಿ ಪೆನ್ನು ಎತ್ತಿದ. ಶೈಲಶ್ರೀ ‘ತೀವ್ರ ವಿಷ’ ಎಂದು ಬರೆಸಿ, ‘ತೀವ್ರ’ವನ್ನು ದಪ್ಪ ಮಾಡಿಸಿ, ಸಹಿ ಹಾಕಿದಳು.

ಡಬ್ಬಿಯನ್ನು ಎರಡೂ ಕೈಯಲ್ಲಿ ತೂಗಿ ನೋಡಿದ ಫಕ್ಕೀರವ್ವ ಹುಬ್ಬು ಗಂಟಿಕ್ಕಿದಳು.

“ಅಕ್ಕಾರ, ಇದು ವಿಷದ ಹಂಗ ಕಾಣವಲ್ತಲ್ರಿ.”

“ಚೀಟಿ ಮ್ಯಾಲೆ ಬರದೈತಲ್ಲಬೇ. ನೀ ಅದನ್ನ ಅಲ್ಲಾಡಸಬ್ಯಾಡ, ಸುಮ್ನ ಇಡು.”

ಫಕ್ಕೀರವ್ವ ಸುಮ್ಮನೆ ಇಟ್ಟಳು. ಓದಿದವರ ಮುಂದೆ ಅವಳು ಬಹಳ ಮಾತಾಡುವವಳಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಹೊನ್ನವ್ವ ಬಸ್ಸಿಳಿದು ಬಂದಳು. ಕಾಲು ತೊಳೆದು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮನೆಯನ್ನೆಲ್ಲ ಒಮ್ಮೆ ನೋಡಿದಳು. ಥಳಥಳ ಹೊಳೆಯುತ್ತಿದ್ದ ಮನೆಗೆ ಅವಳ ಬಾಯಿಂದಲೇ ಶಾಬಾಸ್ಕಿ ಬಂತು. ಶೈಲಶ್ರೀ ಒಂದು ಗೇಣು ಬೆಳೆದಳು. ಬಿತ್ತನೆಗೆ ಕಾದಿದ್ದ ಮಿರಗದ ಮಳೆ ನಾಲ್ಕು ಹನಿ ಬಿದ್ದಿದೆ, ನಾಳೆ ಹಿತ್ತಲ ಬೇಲಿಗುಂಟ ಅವರೆ ಊರಿಬಿಡೋಣ ಎಂದ ಹೊನ್ನವ್ವ, ನಾಗಂದಿಗೆಯ ಮೇಲಿನ ಡಬ್ಬಿ ಇಳಿಸಲು ಹೇಳಿದಳು.

“ಯಾವ ಡಬ್ಬಿ ಅತ್ತಿ?”

“ಅದ ಯವ್ವಾ, ವಿಷದ್ದು.”

ಬೆಳೆದಿದ್ದ ಗೇಣು ಅಲ್ಲೇ ಇಳಿಯಿತು.

ಹೊನ್ನವ್ವ ನಗುನಗುತ್ತ ತನ್ನ ಜಾಣತನವನ್ನು ಬಿಚ್ಚಿಟ್ಟಳು. ಆ ಅವರೆ ಅವಳ ತವರಿನದು. ಮದುವೆಯಾಗಿ ಬರುವಾಗ ಬ್ಯಾಡಗಿ ಕಡೆಯ ಹಳ್ಳಿಯಲ್ಲಿ ಅವಳವ್ವ ಉಡಿ ತುಂಬಿ, ಅಕ್ಕಿಯ ಜೊತೆಗೆ ಒಂದು ಹಿಡಿ ಅವರೆ ಹಾಕಿದ್ದಳು. ಈಗ ತವರಿನ ಹೊಲ ಮಾರಿಹೋಗಿ ಅಲ್ಲಿ ಆ ಬೀಜವಿಲ್ಲ. ಹೋದ ವರ್ಷ ಮಂಗ್ಯಾಗಳು ಬಳ್ಳಿ ಕಿತ್ತು, ಇಲ್ಲಿಯೂ ಅರ್ಧ ಸೇರು ಉಳಿದದ್ದೇ ಹೆಚ್ಚು. ಬಂದ ಬೀಗರೆಲ್ಲ ಒಂದು ಹಿಡಿ ಕೊಡು, ಅರ್ಧ ಹಿಡಿ ಕೊಡು ಎಂದು ಕೈಯೊಡ್ಡುವವರೇ. ಇಲ್ಲ ಎನ್ನಲು ಬಾಯಿ ಬಾರದು, ಕೊಡಲು ಜೀವ ಒಪ್ಪದು. ಹೊನ್ನವ್ವನಿಗೆ ಓದು ಬಾರದು. ಆದರೆ ಬುರುಡೆಯ ಚಿತ್ರ ಕಂಡರೆ ಜನ ನಾಲ್ಕು ಮಾರು ದೂರ ಸರಿಯುವುದು ಗೊತ್ತು. ಎಲ್ಲಿಂದಲೋ ಒಂದು ಚೀಟಿ ಬಿಡಿಸಿ, ಮೈದಾ ಅಂಟಿನಿಂದ ಡಬ್ಬಿಗೆ ಮೆತ್ತಿಬಿಟ್ಟಿದ್ದಳು. ಅಂದಿನಿಂದ ಯಾರೂ ಬೀಜ ಕೇಳಿರಲಿಲ್ಲ.

ಶೈಲಶ್ರೀ ಹಾಲು ಕಾಸುವ ನೆಪದಲ್ಲಿ ಒಳಗೆ ಹೋಗಿ ಗಂಡನಿಗೆ ಫೋನು ಹಚ್ಚಿದಳು. ಪ್ರವೀಣಕುಮಾರ ಕೆಲಸ ಮಾಡುವುದು ಬೀಜದ ಕಂಪನಿಯಲ್ಲಿ. ಅವನಿಗೆ ಜಗತ್ತಿನ ಸಕಲ ಸಂಕಟಕ್ಕೂ ಪಾಕೀಟಿನಲ್ಲಿ ಪರಿಹಾರವಿತ್ತು.

“ಅದಕ್ಯಾಕ ಅಳತಿ? ಸಂಜಿಕ್ಕ ನಮ್ಮ ಕಂಪನಿ ಅವರಿ ಪಾಕೀಟ ತರತೇನಿ. ಬೂದ್ಯಾಗ ಹೊಳ್ಳಾಡಿಸಿ ಬ್ಯಾರೆ ಡಬ್ಬ್ಯಾಗ ಹಾಕು. ಅವ್ವಗೇನ್ ಗೊತ್ತಾಕ್ಕೈತಿ?”

ಹಾಲು ಉಕ್ಕುವವರೆಗೆ ಆ ಉಪಾಯ ಶೈಲಶ್ರೀಗೆ ಬಹಳ ಚೆಂದವಾಗಿ ಕಂಡಿತು. ಹಾಲು ಉಕ್ಕಿತು. ಹೊರಗೆ ಹೊನ್ನವ್ವ ಮಧುವಿನ ಅಂಗೈ ಹಿಡಿದು, ನಾಳೆ ನಿನ್ನ ಕೈಯಿಂದಲೇ ಮೊದಲ ಕಾಳು ಊರಿಸ್ತೀನಿ, ನಮ್ಮವ್ವ ನನ್ನ ಕೈಲೆ ಹಂಗ ಊರಿಸಿದ್ಲು ಎನ್ನುತ್ತಿದ್ದಳು. ಶೈಲಶ್ರೀ ಒಲೆ ಆರಿಸಿ, ಹೊರಗೆ ಬಂದು, ನಿಂತಲ್ಲೇ ಎಲ್ಲವನ್ನೂ ಒದರಿಬಿಟ್ಟಳು.

ಬೈಗುಳ ಬಂದಿದ್ದರೆ ಚೆನ್ನಾಗಿತ್ತು. ಹೊನ್ನವ್ವ ಖಾಲಿ ನಾಗಂದಿಗೆಯ ಕಡೆಗೊಮ್ಮೆ ನೋಡಿದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಗಾಡಿ ಯಾ ಕಡೆ ಹೋತು?”

ಊರ ಹೊರಗಿನ ವಿಂಗಡಣೆ ಶೆಡ್ಡಿಗೆ ಹೋಗಿತ್ತು. ಅಲ್ಲಿಂದ ಎರಡು ಗಂಟೆಗೆ ಲಾರಿ ತುಂಬಿ ದೂರದ ಸುಡುವ ಘಟಕಕ್ಕೆ ಕಳಿಸುತ್ತಾರೆ ಎಂದು ಬೆಳಗ್ಗೆ ಜನರಿಗೆ ತಿಳಿಹೇಳಿದವಳು ಶೈಲಶ್ರೀಯೇ. ಆಗ ಗಂಟೆ ಒಂದೂಕಾಲು. ಮೂವರೂ ಆಟೋ ಹತ್ತಿದರು. ಮಧು ದಾರಿಯುದ್ದಕ್ಕೂ ಅದರ ಪರದೆಯ ರುಚಿ ನೋಡಿದಳು.

ಶೆಡ್ಡಿನ ಬಾಗಿಲಲ್ಲಿ ಯೂಸುಫಸಾಬ ಎದ್ದು ನಿಂತು ಸ್ವಾಗತಿಸಿದ. ಮತ್ತೇನಾದರೂ ವಿಷ ತಂದಿರಾ ಎಂದು ಕೇಳಿದ. ಕೊಟ್ಟದ್ದನ್ನು ವಾಪಸು ಒಯ್ಯಲು ಬಂದಿದ್ದಾರೆ ಎಂದು ತಿಳಿದ ಮೇಲೆ ಅವನ ಮುಖ ಸರಕಾರಿ ಆಯಿತು. ರಿಜಿಸ್ಟರ್ ಬಿಚ್ಚಿ, ‘ತೀವ್ರ’ದ ಮೇಲೆ ಬೆರಳಿಟ್ಟ. ವಿಷವೆಂದು ಬರೆದು ಒಳಗೆ ಬಂದದ್ದನ್ನು ಹಸುಗೂಸಿರುವ ಮನೆಗೆ ವಾಪಸು ಕೊಟ್ಟರೆ ತನ್ನ ನೌಕರಿ ಉಳಿಯುವುದಿಲ್ಲ ಎಂದ.

“ನೀವ ಹೇಳೀರಲ್ರಿ ಅಕ್ಕಾರ, ಮುಟ್ಟಬಾರ್ದು, ಮೂಸಬಾರ್ದು ಅಂತ. ನಾ ಮನೀಗೆ ಫೋನ್ ಮಾಡಿ ನಮ್ಮ ಹುಡುಗ ಕೈಸರಗೂ ಹೇಳೇನಿ.”

ತನ್ನ ಉಪನ್ಯಾಸಕ್ಕೆ ತಾನೇ ಎದುರುತ್ತರ ಕೊಡುವ ಪಾಳಿ ಈಗ ಶೈಲಶ್ರೀಯದಾಗಿತ್ತು. ಆಗ ಹೊನ್ನವ್ವ ಮುಂದೆ ಬಂದಳು.

“ಸಾಹೇಬ್ರ, ನನ್ನ ಸೊಸಿ ಓದಿದಾಕಿ. ಚೀಟಿ ಓದಿ, ಖರೇ ಅಂತ ತಿಳಕೊಂಡು ತಂದ್ಲು. ತಪ್ಪು ಓದಿದಾಕಿದಲ್ಲ, ಸುಳ್ಳು ಚೀಟಿ ಹಚ್ಚಿದಾಕಿದು. ಅದರಾಗಿರೋದು ಅವರಿಕಾಳು. ಬೇಕಾದ್ರ ನಿಮ್ಮ ಮುಂದ ಒಂದು ಕಾಳು ತಿಂದು ತೋರಸ್ತೇನಿ.”

ಗಂಡನ ಮನೆಗೆ ಬಂದ ಐದು ವರ್ಷಗಳಲ್ಲಿ ಶೈಲಶ್ರೀಗೆ ಅತ್ತೆಯ ಮುಂದೆ ಅಳಬೇಕೆನಿಸಿದ್ದು ಹಲವು ಸಲ. ಅತ್ತೆಯ ಸಲುವಾಗಿ ಅಳು ಬಂದದ್ದು ಅದೇ ಮೊದಲು. ಇತ್ತ ಯೂಸುಫಸಾಬ, ಮುದುಕಿ ನಿಜವಾಗಿಯೂ ತಿಂದುಬಿಟ್ಟರೆ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು ಎಂಬ ಚಿಂತೆಯಲ್ಲಿ ಬೆವರತೊಡಗಿದ.

ಅಷ್ಟರಲ್ಲಿ ಶೆಡ್ಡಿನ ಹಿಂದಿನಿಂದ ಫಕ್ಕೀರವ್ವ ಬಂದಳು, ಕೈಯಲ್ಲಿ ಡಬ್ಬಿ. ಬಣ್ಣ, ಔಷಧಿಯ ಪೆಟ್ಟಿಗೆಗಳೆಲ್ಲ ಲಾರಿ ಏರಿದ್ದವು. ಇದೊಂದನ್ನು ಅವಳು ನೆರಳಲ್ಲಿ ಬೇರೆ ಇಟ್ಟಿದ್ದಳು. ಮುಚ್ಚಳದ ಸಂದಿಯಿಂದ ಉದುರಿದ ಬೂದಿ ಕೈಗವಸಿಗೆ ಹತ್ತಿದಾಗಲೇ ಅವಳಿಗೆ ಅನುಮಾನ ಬಂದಿತ್ತು. ಅವಳವ್ವನೂ ಹೀಗೆಯೇ ಒಲೆಯ ಬೂದಿಯಲ್ಲಿ ಬೀಜ ಇಡುತ್ತಿದ್ದಳಂತೆ. ಸಂಜೆ ಡ್ಯೂಟಿ ಮುಗಿಸಿ ತಾನೇ ಗಿರಣಿಯ ಓಣಿಗೆ ಬಂದು ಕೇಳುವವಳಿದ್ದಳು. ಬೆಳಗ್ಗೆ ಅಕ್ಕಾರು ಮಾತಾಡಲು ತೆರಪು ಕೊಟ್ಟಿರಲಿಲ್ಲ, ಅಷ್ಟೇ.

ಯೂಸುಫಸಾಬನ ಎದುರಿಗೇ ಮುಚ್ಚಳ ತೆಗೆದರು. ಮೇಲೆ ಒಣಗಿದ ಬೇವಿನ ಸೊಪ್ಪು, ಕೆಳಗೆ ಬೂದಿ, ಬೂದಿಯೊಳಗೆ ಕಪ್ಪು ಅಂಚಿನ ದುಂಡು ಅವರೆ. ಹೊನ್ನವ್ವ ಒಂದು ಕಾಳನ್ನು ಸೆರಗಿಗೆ ಉಜ್ಜಿ ಕಣ್ಣಿಗೊತ್ತಿಕೊಂಡಳು. ಆಮೇಲೆ, ಬೀಗರಿಗೆ ಅರ್ಧ ಹಿಡಿಯನ್ನೂ ಬಿಚ್ಚದ ಆ ಕೈ ಡಬ್ಬಿಯೊಳಗೆ ಇಳಿದು ಎರಡು ಸಲ ಹಿಡಿ ತುಂಬಿ ಮೇಲೆ ಬಂತು.

“ಸೆರಗು ಒಡ್ಡು ತಂಗಿ. ನಿನ್ನ ಹಿತ್ತಲದಾಗೂ ಬೆಳೀಲಿ. ಮುಂದ ನನ್ನ ಕಡೆ ಬೀಜ ತೀರಿಹೋದ್ರ, ನಿನ್ನ ಹತ್ರ ಕೇಳಾಕ ಬರತೇನಿ.”

ಫಕ್ಕೀರವ್ವ ಕೈಗವಸು ಕಳಚಿ, ಕೈ ತೊಳೆದು, ಸೆರಗೊಡ್ಡಿದಳು. ಕಾಳನ್ನು ಗಂಟು ಕಟ್ಟಿಕೊಂಡ ಮೇಲೂ ಅವಳ ನೋಟ ಡಬ್ಬಿಯ ಚೀಟಿಯಿಂದ ಕದಲಲಿಲ್ಲ.

“ಅಮ್ಮಾರ, ಡಬ್ಬ್ಯಾಗ ವಿಷ ಇಲ್ಲಂದ್ರ, ಈ ಚೀಟಿ ಎಲ್ಲಿಂದ ಬಂತ್ರಿ?”

“ಒಂದು ಬಾಟ್ಲಿ ಮ್ಯಾಲಿಂದ ಬಿಡಿಸಿದ್ದೆ. ನಿಂಬಿಗಿಡಕ್ಕ ಹೊಡಿಯಾಕ ತಂದದ್ದು.”

“ಆ ಬಾಟ್ಲಿ ಈಗ ಎಲ್ಲೈತ್ರಿ?”

ಹಿತ್ತಲ ಗೋಡೆಯ ಮಾಡದಲ್ಲಿ ಎಂದಳು ಹೊನ್ನವ್ವ. ಆ ಮಾಡದ ಗೂಡನ್ನೂ ಶೈಲಶ್ರೀ ಬೆಳಗ್ಗೆ ತೊಳೆದಿದ್ದಳು. ಚೀಟಿಯಿಲ್ಲದ, ಎಣ್ಣೆಯ ಬಣ್ಣದ, ಮುಚ್ಚಳ ಬಿಗಿದ ಬಾಟಲಿ ಕಂಡು, ಅತ್ತೆ ಮನೆಯಲ್ಲೇ ಕಾಸಿದ ತಲೆಗೂದಲಿನ ಎಣ್ಣೆ ಇರಬೇಕೆಂದು ಗೌರವದಿಂದ ಒರೆಸಿ, ಬಚ್ಚಲಲ್ಲಿ ಮಧುವಿನ ಕೊಬ್ಬರಿ ಎಣ್ಣೆಯ ಪಕ್ಕಕ್ಕೆ ಇಟ್ಟಿದ್ದಳು. ನಾಳೆ ರವಿವಾರ. ಮಧುವಿಗೆ ಎಣ್ಣೆ ಹಚ್ಚಿ ಎರೆಯುವ ದಿನ. ಎರೆಯುವವಳು ತಾನೇ.

ಅವಳು ಮಗಳನ್ನು ಅತ್ತೆಯ ಕಂಕುಳಿನಿಂದ ಕಸಿದು ಎದೆಗೊತ್ತಿಕೊಂಡಳು. ಅರ್ಜಿ ಎಲ್ಲಿ, ಸಹಿ ಎಲ್ಲಿ ಎಂದು ಯೂಸುಫಸಾಬ ಈ ಸಲ ಕೇಳಲಿಲ್ಲ. ಬೆಳಗಿನ ಗಾಡಿಗೇ ಎಲ್ಲರನ್ನೂ ಹತ್ತಿಸಿಕೊಂಡು ಹೊರಟ. ಅವಸರದಲ್ಲಿ ಅವನ ಕೈ ಯಾವ ಗುಂಡಿಗೆ ತಾಗಿತೋ, ಮೈಕು ತಾನಾಗಿಯೇ ಶುರುವಾಯಿತು. “ನಿಮ್ಮ ಮನೆಯಲ್ಲಿರುವ ಅಪಾಯಕಾರಿ ವಸ್ತುಗಳನ್ನು ನಮಗೆ ಕೊಡಿರಿ” ಎಂದು ಊರಿಗೆಲ್ಲ ಸಾರುತ್ತ, ಮುಂದಿನ ಸೀಟಿನಲ್ಲಿ ಅತ್ತೆ, ಸೊಸೆ, ಕೂಸು, ಅವರೆ ಡಬ್ಬಿಯ ಮೆರವಣಿಗೆ ಪೇಟೆಯ ನಡುವೆ ಸಾಗಿತು. ಜನ ಅಂಗಡಿಯಿಂದ ಹೊರಗೆ ಬಂದು ನೋಡಿದರು. ಇವರಲ್ಲಿ ಅಪಾಯಕಾರಿ ಯಾರು ಎಂದು ಅವರಿಗೆ ಗೊತ್ತಾಗಲಿಲ್ಲ. ಶೈಲಶ್ರೀಗೆ ಗೊತ್ತಿತ್ತು.

ಫಕ್ಕೀರವ್ವ ಎಲ್ಲರನ್ನೂ ಅಂಗಳದಲ್ಲೇ ನಿಲ್ಲಿಸಿ, ಮತ್ತೆ ಕೈಗವಸು ಹಾಕಿ ಬಚ್ಚಲಿಗೆ ಹೋದಳು. ಬಾಟಲಿಯನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು ಗಾಡಿಯಲ್ಲಿದ್ದ ಉಸುಕಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದಳು. ಪಕ್ಕದ ಕೊಬ್ಬರಿ ಎಣ್ಣೆಯನ್ನೂ ಬಿಡಲಿಲ್ಲ. ಬಚ್ಚಲ ಗೂಡನ್ನು ಎರಡು ಸಲ ಸಾಬೂನು ಹಚ್ಚಿ ತೊಳೆದು, ಡಬ್ಬಿಯ ಚೀಟಿಯನ್ನು ಬಿಡಿಸಿ ಅದರ ನಿಜವಾದ ಬಾಟಲಿಗೆ ಅಂಟಿಸಿ ಕಟ್ಟಿದಳು.

ಥ್ಯಾಂಕ್ಸ್ ಎಂಬ ಮಾತು ಪಕ್ಕದ ಮನೆಯವರು ಕರಿಬೇವು ಕೊಟ್ಟಾಗ ಹೇಳುವಂಥದ್ದು. ಶೈಲಶ್ರೀ ಮಧುವನ್ನು ಫಕ್ಕೀರವ್ವನ ಮುಂದೆ ಇಳಿಸಿ, ಅದರ ಎರಡೂ ಪುಟ್ಟ ಕೈ ಜೋಡಿಸಿ ನಮಸ್ಕಾರ ಮಾಡಿಸಿದಳು. ಆಮೇಲೆ ತಾನೂ ಮಾಡಿದಳು. ಬಗ್ಗಿದ ತಲೆ ಎತ್ತಲು ಸ್ವಲ್ಪ ಹೊತ್ತೇ ಹಿಡಿಯಿತು.

ಯೂಸುಫಸಾಬ ರಿಜಿಸ್ಟರ್ ಬಿಚ್ಚಿ ತಲೆ ಕೆರೆದುಕೊಂಡ. ಒಂದು ವಾಪಸು ಹೋಗಿದೆ, ಒಂದು ಹೊಸದಾಗಿ ಬಂದಿದೆ, ಶರಾ ಏನೆಂದು ಬರೆಯಲಿ ಎಂದು ಕೇಳಿದ.

“ಬರಕೋರಿ ಅಣ್ಣಾರ,” ಎಂದಳು ಫಕ್ಕೀರವ್ವ. “ಅಕ್ಕಾರು ಕೊಟ್ಟದ್ದು ಉಣ್ಣೂದು, ಇಟಗೊಂಡಿದ್ದು ವಿಷ. ಉಳಿದದ್ದೆಲ್ಲಾ ಬರೋಬರಿ ಐತಿ.”

ಅವನು ಒಂದಕ್ಷರ ಬಿಡದೆ ಬರೆದು ಪೆನ್ನು ಚಾಚಿದ. ಶೈಲಶ್ರೀ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು, ಓದಿ ನೋಡಿ, ಸಹಿ ಹಾಕಿದಳು.