ಅತ್ತೆಯ ಟಿವಿಗೆ ಕನ್ನಡ ಬೇಡವಂತೆ!

ಯಾವ ದೇಶದವರು ಯಾವ ದೇಶದ ಸೀರಿಯಲ್ ನೋಡುತ್ತಾರೆ ಎಂದು ಲೆಕ್ಕ ಹಾಕುವ ಕಂಪನಿಯವರು ನೆಮ್ಮದಿಯಾಗಿರಬೇಕಾದರೆ, ಮಳವಳ್ಳಿಯ ನಮ್ಮ ಸೋದರತ್ತೆಯನ್ನು ಮಾತ್ರ ಲೆಕ್ಕಕ್ಕೆ ಸೇರಿಸಬಾರದು! ಇವತ್ತು ಕೊರಿಯಾ, ನಾಳೆ ಟರ್ಕಿ, ನಾಡಿದ್ದು ಯಾವುದೋ ಹಿಮ ಬೀಳುವ ದೇಶ. ಅವಳಿಗೆ ಬರುವುದು ಕನ್ನಡ ಒಂದೇ. ಓದಲಂತೂ ಮನೆಯಲ್ಲಿ ಇಬ್ಬರಿಗೂ ಬಾರದು.

ಇನ್ನೊಬ್ಬರು ಮಾವ. ಮದ್ದೂರಿನ ಅಕ್ಕಿ ಮಿಲ್ಲಿನ ಸದ್ದಿನಲ್ಲೇ ದುಡಿದು ಕಿವಿ ಪೂರ್ತಿ ಹೋಗಿದೆ. ಹೋದ ವರ್ಷ ಅವರು ಟಿವಿ ಮುಂದೆ ಕೂರುವುದನ್ನೇ ಬಿಟ್ಟು, ತಟ್ಟೆ ಹಿಡಿದು ಒಬ್ಬರೇ ಜಗಲಿಗೆ ಹೋಗಿಬಿಡುತ್ತಿದ್ದರು. ಮಾತೂ ನಿಂತಿತ್ತು. ಅತ್ತೆಗೆ ಅದೇ ಕೊರಗು. ಈಗ ನೋಡಿದರೆ ಇಬ್ಬರೂ ಸೋಫಾ ಮೇಲೆ, ಕೊರಿಯಾದಲ್ಲಿ!

ಜನ ತಮ್ಮ ಭಾಷೆ, ತಮ್ಮ ಊಟ, ತಮ್ಮಂಥ ಸಂಸಾರ ಇರುವುದನ್ನೇ ನೋಡುತ್ತಾರೆ ಎಂದು ನಾನು ತಿಳಿದಿದ್ದೆ. ತಲೆ ಕೆಟ್ಟು ಕೇಳಿಯೇಬಿಟ್ಟೆ: "ಅತ್ತೆ, ಏನು ಅರ್ಥ ಆಗುತ್ತೆ ನಿನಗೆ?"

"ಅಲ್ಲೂ ಸಂಸಾರನೇ ಕಣ್ಲಾ. ನೋಡು, ಆ ಉಡ್ಗಿ ಸ್ವಾದರಮಾವನ್ನ ಒಲ್ಲೆ ಅಂತಾವ್ಳೆ."

ಕೊರಿಯಾದಲ್ಲಿ ಸೋದರಮಾವನನ್ನು ಮದುವೆಯಾಗುತ್ತಾರೆಯೇ? ಮೊಬೈಲಿನಲ್ಲಿ ಹುಡುಕಿದೆ. ಆತ ಅವಳ ಆಫೀಸಿನ ಬಾಸು!

"ಯಾಕ್ಲಾ, ಸ್ವಾದರಮಾವ ಆಪೀಸ್ಗೆ ಓಗ್ಬಾರ್ದಾ?" ಎಂದಳು ಅತ್ತೆ. ಆಮೇಲೆ ಮಾವನ ಕಡೆ ತಿರುಗಿ, ಕೈಯಲ್ಲೇ ತಾಳಿ ಕಟ್ಟಿ ತೋರಿಸಿದಳು.

"ಊಹ್ಞೂಂ! ಅವ್ನು ಚಿಕ್ಕಪ್ಪ ಕಣೆ. ಜಮೀನ್ ಬರುಸ್ಕೊಳಾಕೆ ಬಂದವ್ನೆ!" ಎಂದು ಮಾವ ಬೀದಿಗೆ ಕೇಳುವಂತೆ ಕೂಗಿದರು. ಒಂದೇ ಸೀರಿಯಲ್, ಎರಡು ಕತೆ! ನಾನು ಯಾವುದನ್ನು ನೋಡಲಿ?

ಹೋದ ತಿಂಗಳು ಆ ಸೀರಿಯಲ್ಲಿಗೆ ಕನ್ನಡದ ದನಿಯೂ ಬಂತು. ಮಂಡ್ಯದಿಂದ ಬಸ್ಸು ಹತ್ತಿ ಹೋಗಿ, ದೊಡ್ಡ ಉಪಕಾರ ಮಾಡುವವನಂತೆ ಹಾಕಿಕೊಟ್ಟೆ. ಹುಡುಗಿ ಅಚ್ಚ ಕನ್ನಡದಲ್ಲಿ ಬಾಸಿಗೆ ಬೈದಳು. ಅತ್ತೆಗೆ ನಗು ತಡೆಯಲಾಗಲಿಲ್ಲ.

"ಏನಂದ್ಳು?" ಎಂದರು ಮಾವ. ಅತ್ತೆ ಹೇಳಹೊರಡುವಷ್ಟರಲ್ಲಿ ಮುಂದಿನ ಮಾತು ಬಂತು. ಅವಳ ಕಣ್ಣು ಟಿವಿಗೇ ಹೋಯಿತು. ಮಾವ ಇನ್ನೊಮ್ಮೆ ಕೇಳಿ, ತಟ್ಟೆ ಎತ್ತಿಕೊಂಡು ಸುಮ್ಮನೆ ಎದ್ದರು.

"ತೆಗಿಲಾ ಅದ! ಮೊದ್ಲಿದ್ದಂಗೇ ಮಡುಗು!"

"ಕನ್ನಡ ಕಣತ್ತೆ!"

"ಅದ್ಕೇ ಬ್ಯಾಡ ಕಣ್ಲಾ. ಇಬ್ರಿಗೂ ತಿಳೀದಿದ್ರೆ ಇಬ್ರೂ ಒಂದೇ. ನಂಗೊಬ್ಳಿಗೇ ತಿಳುದ್ರೆ ಅವ್ರು ಒಬ್ರೇ ಆಗೋಯ್ತಾರೆ."

ಬೇಗಬೇಗ ಕೊರಿಯಾ ಭಾಷೆ ಹಾಕಿದೆ. ಅತ್ತೆ ಬಾಗಿಲವರೆಗೆ ಓಡಿ, ಮಾವನ ಎದುರು ನಿಂತು ಮತ್ತೆ ಗಾಳಿಯಲ್ಲಿ ತಾಳಿ ಕಟ್ಟಿದಳು.

"ಚಿಕ್ಕಪ್ಪ ಅಂತ ಎಷ್ಟ್ ಕಿತಾ ಯೋಳ್ಲಿ ನಿಂಗೆ!" ಎನ್ನುತ್ತಾ ಮಾವ ತಟ್ಟೆಯ ಸಮೇತ ವಾಪಸು ಬಂದು ಕೂತರು.

ನಾನೂ ಪಕ್ಕದಲ್ಲಿ ಕೂತೆ. ಆತ ಬಾಸು ಎಂದು ಮಾತ್ರ ಹೇಳಲಿಲ್ಲ.