ಸರಸ್ವತಿಬಾಯಿಯ ಪ್ಲೇಟು

ಉಮರ್ಗಾ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ದಿಗಂಬರ ಆ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಒಂದು ಹಾಡಿನ ಒಂದೇ ಸಾಲನ್ನು ದೊಡ್ಡ ದನಿಯಲ್ಲಿ ಹಚ್ಚಿ, ಗಾಬರಿಯಾಗಿ ತಕ್ಷಣ ನಿಲ್ಲಿಸಿದ. ಅವನು ಮಾಡಿದ ತಪ್ಪು ಅಷ್ಟೇ. ಮುಂದಿನದೆಲ್ಲ ಮಂದಿ ಮಾಡಿದ್ದು, ಅವನು ಅನುಭವಿಸಿದ್ದು.

ಹಾಡಿದವಳು ಅವನ ಅವ್ವ ಸರಸ್ವತಿಬಾಯಿ. ಐವತ್ತು ವರ್ಷದ ಹಿಂದೆ ಮುಂಬೈಯ ಯಾವುದೋ ಕಂಪನಿಯವರು ಹತ್ತಿರದ ಮುರುಮಿಗೆ ಬಂದು, ಹೆಂಗಸರ ಭಜನೆ ಮೇಳದ ಹಾಡುಗಳನ್ನು ತುಂಬಿಕೊಂಡು ಹೋಗಿ, ಒಂದು ಗ್ರಾಮೋಫೋನ್ ಪ್ಲೇಟು ಮಾಡಿ ಕಳಿಸಿದ್ದರು. ಮೇಳದಲ್ಲಿ ಮುಂದೆ ನಿಂತು ಹಾಡುವವಳು ಸರಸ್ವತಿಬಾಯಿಯೇ. ಪ್ಲೇಟು ಬಂದ ಮರುವರ್ಷ ಆಕೆ ತೀರಿಕೊಂಡಳು. ದಿಗಂಬರನಿಗೆ ಆಗ ಎರಡು ವರ್ಷ. ಅವ್ವನ ಮುಖ ಫೋಟೋದಲ್ಲಿ ಉಳಿಯಿತು, ದನಿ ಪ್ಲೇಟಿನಲ್ಲಿ ಉಳಿಯಿತು. ಆದರೆ ಪ್ಲೇಟು ಮನೆಯಲ್ಲಿ ಉಳಿಯಲಿಲ್ಲ. ಅಪ್ಪ ಶಾಂತವೀರಪ್ಪ ಅದನ್ನು ಲೌಡ್ ಸ್ಪೀಕರ್ ಅಂಗಡಿಯ ನೀಲಕಂಠನಿಗೆ ಕೊಟ್ಟುಬಿಟ್ಟರು.

ಅದರಲ್ಲಿದ್ದದ್ದು ಕೈಲಾಸಕ್ಕೆ ಹೊರಟ ಜೀವದ ಹಾಡು. ಊರಲ್ಲಿ ಯಾರೇ ಸತ್ತರೂ ನೀಲಕಂಠ ಆ ಮನೆಯ ಮುಂದೆ ಸ್ಪೀಕರ್ ಕಟ್ಟಿ ಅದನ್ನೇ ಹಚ್ಚುತ್ತಿದ್ದ. ಮೂವತ್ತು ವರ್ಷ ಹಚ್ಚಿದ. ಹೀಗಾಗಿ ದಿಗಂಬರ ಅವ್ವನ ದನಿ ಕೇಳಿದ್ದೆಲ್ಲ ಬೇರೆಯವರ ಸಾವಿನ ಮನೆಯಲ್ಲಿ. ಸಣ್ಣವನಿದ್ದಾಗ ಓಣಿಯಲ್ಲಿ ಯಾರಿಗಾದರೂ ಜಡ್ಡು ಜೋರಾಗಿದೆ ಎಂದು ಕಿವಿಗೆ ಬಿದ್ದರೆ ಅವನಿಗೆ ಒಳಗೊಳಗೇ ಆಸೆ ಹುಟ್ಟುತ್ತಿತ್ತು. ಪಾಪದ ಮಾತು, ಆದರೆ ಖರೆ. ಇದನ್ನು ಅವನು ಇವತ್ತಿನವರೆಗೂ ಕಟ್ಟಿಕೊಂಡ ಹೆಂಡತಿಯ ಮುಂದೆ ಕೂಡ ಬಾಯಿ ಬಿಟ್ಟಿಲ್ಲ.

ಕಳೆದ ವರ್ಷ ನೀಲಕಂಠನೂ ಹೋದ. ಅವನ ಮನೆಯ ಮುಂದೆ ಮೊಬೈಲಿನ ಹಾಡು ಹಚ್ಚಿದ್ದರು. ಹಳೆಯ ಯಂತ್ರ, ಆಂಪ್ಲಿಫೈಯರು, ನಲವತ್ತೊಂದು ಪ್ಲೇಟು ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿ, ಅವನ ಮನೆಯವರು ದಿಗಂಬರನ ಕಟ್ಟೆಯ ಮೇಲೆ ಇಟ್ಟು ಕೈ ತೊಳೆದುಕೊಂಡರು. ಅವತ್ತಿನಿಂದ ದಿಗಂಬರ ರವಿವಾರ ರವಿವಾರ ಕೂತು ಒಂದೊಂದೇ ಪ್ಲೇಟನ್ನು ಮೊಬೈಲಿಗೆ ಇಳಿಸತೊಡಗಿದ. ಯಂತ್ರಕ್ಕೂ ಕಂಪ್ಯೂಟರಿಗೂ ವಾಯರು ಜೋಡಿಸಿ ನೋಡಿದರೆ ಹಾಡಿಗಿಂತ ಹೆಚ್ಚು ಗುಂಯ್ ಎಂಬ ಸದ್ದೇ ಬಂತು. ಕಡೆಗೆ ಸ್ಪೀಕರಿನ ಮುಂದೆ ಮೊಬೈಲು ಇಟ್ಟು ರಿಕಾರ್ಡ್ ಒತ್ತಿ ಉಸಿರು ಹಿಡಿದು ಕೂರುವುದೇ ಅವನ ಪದ್ಧತಿಯಾಯಿತು. ನಲವತ್ತು ಪ್ಲೇಟು ಹಾಗೇ ಮುಗಿದವು. ಭಜನೆ, ನಾಟಕದ ಪದ, ಮರಾಠಿ ಭಾವಗೀತೆ, ಯಾವುದಕ್ಕೂ ಓಣಿಯವರು ತಲೆ ಕೆಡಿಸಿಕೊಳ್ಳಲಿಲ್ಲ.

ನಲವತ್ತೊಂದನೆಯದು ಅವ್ವನದು. ಅದನ್ನು ಅವನು ಉದಗೀರದ ರೇಡಿಯೋ ರಿಪೇರಿಯ ಪಂಡಿತನ ಹತ್ತಿರ ಒಯ್ದು ತೋರಿಸಿದ್ದ. ಪಂಡಿತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಿರುಗಿಸಿ ಮುರುಗಿಸಿ ನೋಡಿ, ಸತ್ತವರನ್ನೆಲ್ಲ ಇದೊಂದೇ ಹೊತ್ತಂಗದ ಎಂದ.

"ಇನ್ನೊಂದ್ ಸಲ ಓಡಿದ್ರ ನಿಮ್ಮ ಪುಣ್ಯ. ಆಮ್ಯಾಲ ಬರೇ ಕರಕರ. ಒಂದೇ ಸಲಕ್ಕ ಹಿಡಕೋರಿ."

ಅದಕ್ಕೇ ಈ ಮಂಗಳವಾರ. ಹೆಂಡತಿ ಶುಭಾಂಗಿ ತಂಗಿಯ ಮಗುವಿನ ತೊಟ್ಟಿಲಿಗೆಂದು ಉದಗೀರಕ್ಕೆ ಹೋಗಿದ್ದಳು. ಎಂಬತ್ತಾರರ ಅಪ್ಪ ನಾಷ್ಟಾ ಮಾಡಿ, ಕಿವಿಯ ಮಷೀನು ತೆಗೆದಿಟ್ಟು ಹಿಂದಿನ ಖೋಲಿಯಲ್ಲಿ ಮಲಗಿದರೆ ಮಧ್ಯಾಹ್ನದವರೆಗೆ ಏಳುವವರಲ್ಲ. ಡ್ಯೂಟಿಗೆ ರಜೆ ಹಾಕಿದ್ದ. ದನಿಯ ಅಳತೆ ನೋಡಲೆಂದು ಮುಳ್ಳನ್ನು ಮೊದಲ ಸಾಲಿನ ಮೇಲೆ ಇಟ್ಟ. ರವಿವಾರ ಯಾವುದೋ ಮೆಲುದನಿಯ ಪ್ಲೇಟಿಗೆಂದು ಏರಿಸಿದ್ದ ವಾಲ್ಯೂಮಿನ ಗುಂಡಿಯನ್ನು ಇಳಿಸಿರಲೇ ಇಲ್ಲ. ಸರಸ್ವತಿಬಾಯಿ ಇಡೀ ಓಣಿಗೆ ಕೇಳುವಂತೆ ಒಂದು ಸಾಲು ಹಾಡಿದಳು.

ಎದುರು ಮನೆಯ ಮೀರಾಬಾಯಿ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಆ ದನಿ ಕೇಳಿ ಅವಳ ಕೈ ಮೊರದಲ್ಲೇ ನಿಂತಿತು. ಬದುಕಿದವರ ಮನೆಯಲ್ಲಿ ಆ ಹಾಡನ್ನು ಯಾರೂ ಹಚ್ಚುವುದಿಲ್ಲ. ಆದರೂ ಮೀರಾಬಾಯಿ ವಿಚಾರವಂತ ಹೆಂಗಸು, ದುಡುಕಲಿಲ್ಲ, ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ದಿಗಂಬರ ಕಿರಾಣಿ ಅಂಗಡಿಗೆ ಹೋಗಿ ಹತ್ತಿ ತಂದ. ಬಟ್ಟೆ ಅಂಗಡಿಯಿಂದ ಹೊಸ ಬಿಳಿ ಬಟ್ಟೆ ತಂದ. ಆಮೇಲೆ ಎರಡು ಬಕೆಟ್ ನೀರು ಒಳಗೆ ಒಯ್ದು ಬಾಗಿಲು ಹಾಕಿಕೊಂಡ.

ಅವನು ಒಳಗೆ ಸಾಬೂನಿನ ನೀರಲ್ಲಿ ಪ್ಲೇಟು ತೊಳೆದು, ಹತ್ತಿಯಿಂದ ಒರೆಸಿ, ಬಿಳಿ ಬಟ್ಟೆಯ ಮೇಲೆ ನೆರಳಲ್ಲಿ ಒಣಗಲು ಹಾಕುತ್ತಿದ್ದ. ಹೊರಗೆ ಮೀರಾಬಾಯಿಗೆ ನೋಡುವುದು ಇನ್ನೇನೂ ಉಳಿದಿರಲಿಲ್ಲ. ಸೆರಗು ಕಣ್ಣಿಗೆ ಹಚ್ಚಿಕೊಂಡು ಬಸವಣ್ಣೆಪ್ಪನಿಗೆ ಫೋನು ಮಾಡಿದಳು.

ಬಸವಣ್ಣೆಪ್ಪ ಎಂದರೆ ಓಣಿಯಲ್ಲಿ ಯಾರಿಗೆ ಏನಾದರೂ ಮೊದಲು ಬಿದಿರು ಹಗ್ಗ ತರುವ ಮನುಷ್ಯ. ಖಾತ್ರಿ ಮಾಡಿಕೊಳ್ಳೋಣವೆಂದು ದಿಗಂಬರನಿಗೆ ಫೋನು ಹಚ್ಚಿದ. ದಿಗಂಬರ ರಿಕಾರ್ಡಿನ ನಡುವೆ ರಿಂಗಾಗಬಾರದೆಂದು ಬೆಳಿಗ್ಗೆಯೇ ಫೋನಿನ ಸಿಗ್ನಲ್ ಬಂದ್ ಮಾಡಿದ್ದ. ಬಸ್ ಸ್ಟ್ಯಾಂಡಿಗೆ ಕೇಳಿದರೆ ಕಂಟ್ರೋಲರ್ ಸಾಹೇಬರು ರಜೆ ಎಂದರು. ಮತ್ತೇನು ಬೇಕು? ಬಸವಣ್ಣೆಪ್ಪ ಹೊಲದಲ್ಲಿ ಕುಣಿ ತೋಡಲು ಇಬ್ಬರನ್ನು ಕಳಿಸಿದ. ಬಸ್ ಸ್ಟ್ಯಾಂಡಿನವರು ತಮ್ಮ ಪಾಲಿನ ಕೆಲಸ ಮಾಡಿದರು. ಯೆಣೆಗೂರಿಗೆ ಹೋಗುವ ಕಂಡಕ್ಟರ್ ಯೆಣೆಗೂರಿಗೆ ಸುದ್ದಿ ಒಯ್ದ, ಮುರುಮಿನವನು ಮುರುಮಿಗೆ ಒಯ್ದ. ನಿಲಂಗಾದಲ್ಲಿದ್ದ ಶಾಂತವೀರಪ್ಪನವರ ತಂಗಿ ಪ್ರಯಾಗಬಾಯಿಗೂ, ಉದಗೀರದಲ್ಲಿದ್ದ ಶುಭಾಂಗಿಗೂ ಮೀರಾಬಾಯಿ ಖುದ್ದಾಗಿ ತಿಳಿಸಿದಳು. ಆರು ವರ್ಷದಿಂದ ಮಾತು ಬಿಟ್ಟಿದ್ದ ಅವರಿಬ್ಬರೂ ಅವತ್ತು ಉದಗೀರದಿಂದ ನಿಲಂಗಾ ಮೇಲೆ ಬರುವ ಒಂದೇ ಬಸ್ಸಿನಲ್ಲಿ ಒಬ್ಬರ ಕೊರಳಿಗೆ ಒಬ್ಬರು ಬಿದ್ದು ಅಳುತ್ತ ಬಂದರಂತೆ. ಅವರ ಟಿಕೆಟನ್ನು ಕಂಡಕ್ಟರ್ ಕೇಳಲೇ ಇಲ್ಲವಂತೆ.

ಹನ್ನೊಂದೂವರೆಗೆ ಪ್ಲೇಟು ಒಣಗಿತು. ದಿಗಂಬರ ಕಿಟಕಿಗೆ ಗಾದಿ ಒಡ್ಡಿದ. ಅಪ್ಪನ ಗೊರಕೆ ಕೇಳದಿರಲೆಂದು ಹಿಂದಿನ ಖೋಲಿಗೆ ಈ ಕಡೆಯಿಂದ ಚಿಲಕ ಹಾಕಿದ. ಯಂತ್ರದ ಪಕ್ಕದಲ್ಲಿ ಅವ್ವನ ಫೋಟೋ ಇಟ್ಟು ಒಂದು ಹೂ ಏರಿಸಿ ಊದಿನಕಡ್ಡಿ ಹಚ್ಚಿದ. ಮೊಬೈಲಿನಲ್ಲಿ ಗದ್ದಲ ತೆಗೆದುಹಾಕುವ ಒಂದು ಸವಲತ್ತು ಇತ್ತು. ಪ್ಲೇಟಿನ ಕರಕರ ಹೋಗಲಿ ಎಂದು ಅದನ್ನೂ ಒತ್ತಿದ. ದೇವರ ಹೆಸರು ಹೇಳಿ ಮುಳ್ಳು ಇಳಿಸಿದ.

ಅವ್ವ ಹಾಡತೊಡಗಿದಳು. ಮೊದಲ ಸಲ ಅವಳು ಅವನ ಮನೆಯಲ್ಲಿ, ಅವನೊಬ್ಬನಿಗಾಗಿ ಹಾಡುತ್ತಿದ್ದಳು. ಐವತ್ತೊಂದು ವಯಸ್ಸಿನ ಕಂಟ್ರೋಲರ್ ಸಾಹೇಬನ ಕಣ್ಣಿಂದ ನೀರು ಇಳಿಯಿತು.

ಆಗ ಬಾಗಿಲು ತೆರೆಯಿತು. ಚಿಲಕ ಹಿಂದಿನ ಖೋಲಿಗೆ ಹಾಕಿದ್ದನೇ ಹೊರತು ಮುಂದಿನ ಬಾಗಿಲನ್ನು ಬರೀ ಎಳೆದುಕೊಂಡಿದ್ದ. ಮೀರಾಬಾಯಿ ನಿಂತಿದ್ದಳು, ಅವಳ ಹಿಂದೆ ಓಣಿ ನಿಂತಿತ್ತು. ದಿಗಂಬರನಿಗೆ ಏನೂ ತಿಳಿಯಲಿಲ್ಲ. ಯಾಕೆ ಬಂದಿರಿ ಎಂದು ಕೇಳುವ ಹಾಗಿಲ್ಲ, ಕೇಳಿದರೆ ಅವನ ದನಿಯೂ ಹಾಡಿನೊಳಗೆ ಬೀಳುತ್ತದೆ. ತುಟಿಗೆ ಬೆರಳು ಹಚ್ಚಿದ. ಕೈ ಮುಗಿದ. ಒಳಖೋಲಿಯ ಕಡೆ ಕೈ ತೋರಿಸಿ ಅಪ್ಪ ಮಲಗಿದ್ದಾರೆ ಎಂದು ಸನ್ನೆ ಮಾಡಿದ. ಅವನ ಕಣ್ಣೀರು, ಊದಿನಕಡ್ಡಿ, ಮುಚ್ಚಿದ ಖೋಲಿ ನೋಡಿದವರು ಸದ್ದಿಲ್ಲದೆ ತಲೆ ತಗ್ಗಿಸಿ ಒಳಗೆ ಬಂದು ಕೂತರು. ಸದ್ದಿಲ್ಲದೆ ಎಂದರೆ ಗಂಡಸರು. ಹೆಂಗಸರಲ್ಲಿ ಮೀರಾಬಾಯಿ ಎರಡನೆಯ ಸಾಲಿಗೇ ಬಿಕ್ಕತೊಡಗಿದ್ದಳು.

ಬಸವಣ್ಣೆಪ್ಪ ಮೆಲ್ಲಗೆ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈ ಇಟ್ಟ.

"ಕುಣಿ ತೋಡ್ಲಾಕ ಕಳಸೀನಿ. ಅಯ್ಯನೋರು ಬಂದ ಮ್ಯಾಲೇ ಒಳಗ ಹೋಗೋಣು. ನೀ ಯಾವದಕ್ಕೂ ಚಿಂತಿ ಮಾಡಬ್ಯಾಡ."

ದಿಗಂಬರನಿಗೆ ಈಗ ತಿಳಿಯಿತು. ಬಾಯಿ ತೆರೆದ. ಯಂತ್ರದ ಕಡೆ ನೋಡಿದ. ಇನ್ನು ನಾಲ್ಕು ನುಡಿ ಉಳಿದಿದ್ದವು, ಏಳೆಂಟು ನಿಮಿಷದ ಮಾತು. ಅಪ್ಪ ಹೇಗೂ ಬದುಕಿದ್ದಾರೆ, ಎಂಟು ನಿಮಿಷ ಸತ್ತಿದ್ದರೆ ಅವರಿಗೇನು ನಷ್ಟ? ಅವ್ವ ಮಾತ್ರ ಇನ್ನೊಮ್ಮೆ ಹಾಡುವವಳಲ್ಲ. ಬಾಯಿ ಮುಚ್ಚಿಕೊಂಡ. ಎಂಥ ಮಗ ಎಂದು ನೀವು ಅನ್ನಬಹುದು. ಅವ್ವನ ದನಿಗಾಗಿ ಮೂವತ್ತು ವರ್ಷ ಮಂದಿಯ ಸಾವಿನ ದಾರಿ ಕಾದವನ ಸಂಕಟ ನಿಮಗೇನು ಗೊತ್ತು?

ಮೂರನೆಯ ನುಡಿಗೆ ನಿಲಂಗಾದ ಬಸ್ಸು ಬಂತು. ಪ್ರಯಾಗಬಾಯಿ ಬಾಗಿಲಲ್ಲಿ ಚಪ್ಪಲಿ ಬಿಡದೆ, ಜನರನ್ನು ಸೀಳಿಕೊಂಡು ಓಡಿ ಬಂದಳು.

"ಅಣ್ಣಾ, ನನಗ ಒಂದ್ ಮಾತು ಹೇಳ್ದಂಗ ಹ್ವಾದ್ಯಲ್ಲೋ!"

ಹಾಗೆಂದವಳು ಹೂ ಏರಿಸಿದ ಫೋಟೋ ಇದ್ದ ಸ್ಟೂಲಿನ ಮೇಲೆಯೇ ಬಿದ್ದಳು. ಮುಳ್ಳು ಪ್ಲೇಟಿನ ಈ ದಂಡೆಯಿಂದ ಆ ದಂಡೆಗೆ ಗೀರಿಕೊಂಡು ಹೋಯಿತು. ಪ್ಲೇಟು ಹಾರಿ ನೆಲಕ್ಕೆ ಬಿತ್ತು. ಅದರ ಮೇಲೆ ಪ್ರಯಾಗಬಾಯಿ ಕುಸಿದು ಕೂತಳು. ಪ್ಲೇಟು ಎರಡಾಯಿತು. ಶುಭಾಂಗಿ ಬಾಗಿಲಲ್ಲಿ ಎದೆ ಎದೆ ಬಡಿದುಕೊಂಡು ಅಳತೊಡಗಿದಳು. ಪ್ರಯಾಗಬಾಯಿಗಿಂತ ಕಡಿಮೆ ಅತ್ತರೆ ನಾಳೆ ಮಾತು ಬರುತ್ತದೆಂದು ಆಕೆಗೆ ಗೊತ್ತಿತ್ತು. ಇನ್ನು ಉಳಿದವರು ಸುಮ್ಮನಿರುತ್ತಾರೆಯೇ? ಮನೆಯ ಜಂತಿ ನಡುಗುವಂತೆ ಗೋಳಾಟ ಎದ್ದಿತು. ದಿಗಂಬರ ಪ್ಲೇಟಿನ ಎರಡು ಹೋಳು ಹಿಡಿದುಕೊಂಡು ಮೂಲೆಯಲ್ಲಿ ಕೂತ. ಅವನಿಗೆ ಅಳು ಕೂಡ ಬರಲಿಲ್ಲ.

ಈ ನಡುವೆ ಶಾಂತವೀರಪ್ಪನವರಿಗೆ ಎಚ್ಚರವಾಗಿತ್ತು. ಬಾಗಿಲಿಗೆ ಚಿಲಕ ಬಿದ್ದದ್ದು ಕಂಡು, ಹಿತ್ತಲ ಕಡೆಯಿಂದ ಹೊರಬಿದ್ದು, ಮನೆ ಸುತ್ತು ಹಾಕಿ ಮುಂಬಾಗಿಲಿಗೆ ಬಂದರು. ಮನೆ ತುಂಬ ಮಂದಿ ಅಳುತ್ತಿದ್ದಾರೆ. ಕಿವಿಯಲ್ಲಿ ಮಷೀನು ಇಲ್ಲ. ಹಿರಿಯ ಮನುಷ್ಯ, ರೀತಿ ರಿವಾಜು ತಿಳಿದವರು. ತಲೆಗೆ ಟವಲು ಹೊದ್ದು ಹಿಂದಿನ ಸಾಲಿನಲ್ಲಿ ಕೂತು, ಯಾರಿಗಾಗಿ ಎಂದು ತಿಳಿಯದೆಯೇ ಒಂದಿಷ್ಟು ಕಣ್ಣೀರು ಹಾಕಿದರು. ಆಮೇಲೆ ಪಕ್ಕದಲ್ಲಿದ್ದ ಬಸವಣ್ಣೆಪ್ಪನನ್ನು ಮುಟ್ಟಿ ಕೇಳಿದರು.

"ಯಾರು ಹ್ವಾದ್ರೋ?"

ಬಸವಣ್ಣೆಪ್ಪ ತಿರುಗಿ ನೋಡಿದ. ಆಮೇಲೆ ಅವನ ಬಾಯಿಂದ ಹೊರಟ ಮಾತೆಲ್ಲ ದಿಗಂಬರನ ಕಡೆಗೇ ಹೊರಟಿತು. ಜೀವಂತ ಮನುಷ್ಯನ ಮನೆಯಲ್ಲಿ ಆ ಹಾಡು ಹಚ್ಚುತ್ತಾರೇನು, ಕಂಟ್ರೋಲರ್ ಆದರೆ ಬುದ್ಧಿ ಇರಬಾರದೇನು, ತೋಡಿದ ಕುಣಿಗೆ ಏನು ಗತಿ ಎಂದು ಮಂದಿ ಸಾಲು ಹಚ್ಚಿ ಬೈದರು. ಪ್ರಯಾಗಬಾಯಿ ತನ್ನ ಸೊಂಟಕ್ಕೆ ಪ್ಲೇಟು ಚುಚ್ಚಿದ್ದಕ್ಕೂ ಅವನನ್ನೇ ಬೈದಳು. ಬಂದವರು ಬರಿಹೊಟ್ಟೆಯಲ್ಲಿ ಹೋಗುವುದು ಹೇಗೆ? ಅರವತ್ತು ಮಂದಿಗೆ ಶುಭಾಂಗಿ ಉಪ್ಪಿಟ್ಟು ಕೆದಕಿದಳು.

ಸಂಜೆ ಮಂದಿ ಕರಗಿದ ಮೇಲೆ ಸ್ಪೀಕರಿನ ಹಿಂದೆ ಬಿದ್ದಿದ್ದ ಮೊಬೈಲು ಸಿಕ್ಕಿತು. ಗೋಳಾಟ ಮುಗಿಯುವವರೆಗಿನದೆಲ್ಲ ಅದರಲ್ಲಿ ರಿಕಾರ್ಡ್ ಆಗಿತ್ತು. ದಿಗಂಬರ ಹಚ್ಚಿ ಕೇಳಿದ. ಗದ್ದಲ ತೆಗೆಯುವ ಸವಲತ್ತು ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಮನುಷ್ಯರ ಅಳುವನ್ನು ಉಳಿಸಿಕೊಂಡು, ಹಾಡನ್ನೇ ಗದ್ದಲವೆಂದು ತಿಳಿದು ಒರೆಸಿ ಹಾಕಿತ್ತು. ಮೀರಾಬಾಯಿಯ ಮೂಗು ಸೇದಿದ್ದು ಕೂಡ ಸ್ಪಷ್ಟವಾಗಿತ್ತು. ಅವ್ವ ಮಾತ್ರ ಎಲ್ಲೋ ನಾಲ್ಕು ಓಣಿಯಾಚೆ ಹಾಡಿದಂತೆ, ಇದ್ದಾಳೋ ಇಲ್ಲವೋ ಎನ್ನುವಂತೆ ಕೇಳುತ್ತಿದ್ದಳು.

ಅಷ್ಟಾದರೂ ಉಳಿಯಿತಲ್ಲ ಎಂದುಕೊಂಡ. ಆ ದನಿಯನ್ನು ಅವಳು ಬದುಕಿದ್ದಾಗ ಕೇಳಿದವರು ಮನೆಯಲ್ಲಿ ಒಬ್ಬರೇ ಇದ್ದರು. ಅಪ್ಪನ ಕಿವಿಗೆ ಮಷೀನು ಹಾಕಿ, ಮೊಬೈಲನ್ನು ಹತ್ತಿರ ಹಿಡಿದ.

ಶಾಂತವೀರಪ್ಪ ಕಣ್ಣು ಮುಚ್ಚಿ ಪೂರಾ ಕೇಳಿದರು. ಇನ್ನೊಮ್ಮೆ ಹಚ್ಚೆಂದರು. ಎರಡನೆಯ ಸಲಕ್ಕೆ ಅವರ ಗಲ್ಲದ ಮೇಲೆ ನೀರು ಇಳಿಯಿತು. ಐವತ್ತು ವರ್ಷ ಹೆಂಡತಿಯ ಹೆಸರು ಎತ್ತದ ಮನುಷ್ಯ ಹೀಗೆ ಅಳುವುದನ್ನು ಕಂಡು ದಿಗಂಬರನಿಗೆ ಎದೆ ತುಂಬಿ ಬಂತು. ಪ್ಲೇಟು ಒಡೆದದ್ದು ಒಡೆಯಿತು, ಇದಾದರೂ ಆಯಿತಲ್ಲ.

"ದನಿ ಗುರ್ತು ಹತ್ತೇನಪಾ?" ಎಂದು ಕೇಳಿದ.

"ಹತ್ತಲಾರದೇನು? ಪ್ರಯಾಗಿ ನೋಡು, ಹ್ಯಾಂಗ ಅತ್ತಾಳ. ನಿನ್ನ ಹೇಂತಿ ಇಷ್ಟು ಅಳ್ತಾಳಂತ ನಾ ಅಂದ್ಕೊಂಡಿದ್ದಿಲ್ಲ."

"ಅಪ್ಪಾ, ಹಿಂದ ಅವ್ವ ಹಾಡ್ಲಾಕತ್ತಾಳ."

"ಹಾಂ, ಅದೊಂದು ಹಾಡು ನಡಕ ನಡಕ ಅಡ್ಡ ಬರ್ತದ. ತೆಗೀಲಾಕ ಬರ್ತದೇನು ನೋಡು."

ದಿಗಂಬರ ಬರುವುದಿಲ್ಲ ಎಂದ. ಹೋಗಲಿ ಬಿಡು, ಅಷ್ಟೇನು ಕೇಳುವುದಿಲ್ಲ ಎಂದು ಅಪ್ಪ ಸಮಾಧಾನ ಮಾಡಿಕೊಂಡರು. ಖರೇ ಸತ್ತಾಗ ಕೇಳಲು ತಾನಿರುವುದಿಲ್ಲ, ಇದನ್ನು ಜೋಪಾನವಾಗಿ ಇಡು, ದಿನಾ ಸಂಜೆ ಒಮ್ಮೆ ಹಚ್ಚು ಎಂದರು. ಮೂರನೆಯ ಸಲ ಕೇಳುವಾಗ ಅವರ ಹುಬ್ಬು ಗಂಟಾಯಿತು.

"ಎಲ್ಲಾರದೂ ಅದ. ಮಗ ಅನ್ನಾಂವಂದು ನಿಂದೊಂದೇ ಇಲ್ಲ. ಕೇಳಿದ ಮಂದಿ ಏನಂತಾರ? ಹಿಂದಿಂದ ನೀನೂ ಒಂದೀಟು ಅತ್ತು ಸೇರಸು."

ದಿಗಂಬರ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ರಿಕಾರ್ಡ್ ಒತ್ತಿದ. ಹೇಳಿದಾಗ ಅಳು ಬರುತ್ತದೋ ಇಲ್ಲವೋ ಎಂಬ ಚಿಂತೆ ಅವನಿಗೆ ಬೀಳಲಿಲ್ಲ. ಬೆಳಗಿನಿಂದ ತಡೆದದ್ದೆಲ್ಲ ಒಮ್ಮೆಗೇ ಬಂತು, ಅವ್ವಾ ಎನ್ನಲೂ ಬಿಡದಂತೆ ಬಂತು. ಅಪ್ಪ ಸಾಕೆಂದು ಕೈ ಎತ್ತಿದರೂ ನಿಲ್ಲಲಿಲ್ಲ. ಶಾಂತವೀರಪ್ಪ ಕಿವಿಯ ಮಷೀನನ್ನು ಇನ್ನಷ್ಟು ಒಳಗೆ ಒತ್ತಿಕೊಂಡು ಪೂರಾ ಕೇಳಿದರು. ಮಗನಿಗೆ ತನ್ನ ಮೇಲೆ ಇಷ್ಟು ಜೀವ ಇದೆಯೆಂದು ಇವತ್ತೇ ಗೊತ್ತಾಯಿತಲ್ಲ ಎಂದು ಅವರಿಗೆ ಬಹಳ ಸಂತೋಷವಾಯಿತು.