ಪದ್ದಕ್ಕನಿಗಾಗಿ ಚಕ್ಕುಲಿ

ಹೆಂಡತಿ ಧಾರಾವಾಹಿ ನೋಡುವಾಗ ಪಕ್ಕದಲ್ಲೇ ಪತ್ರಿಕೆ ಹಿಡಿದು ಕೂರುವ ಗಂಡಸರನ್ನು ಖಂಡಿತ ನಂಬಬಾರದು. ನಾನೂ ಅದೇ ಗುಂಪಿನವನಾದ್ದರಿಂದ ಇದನ್ನು ಅನುಭವದ ಮೇಲೆ ಹೇಳುತ್ತಿದ್ದೇನೆ. ಸಂಜೆ ಏಳೂವರೆಗೆ ಬರುವ 'ಸುಮಿತ್ರೆಯ ಸರದಿ' ಎಂಬ ಧಾರಾವಾಹಿಯನ್ನು ನಾನು ಎರಡು ವರ್ಷ ಸಂಪಾದಕೀಯ ಪುಟದ ಮೇಲಂಚಿನಿಂದಲೇ ನೋಡಿದ್ದೇನೆ. ಯಾರಾದರೂ ಕೇಳಿದರೆ "ಛೆ, ಅದನ್ನೆಲ್ಲ ಯಾರು ನೋಡ್ತಾರೆ" ಎಂದು ಮೂಗು ಮುರಿಯುತ್ತಿದ್ದೆ. ಒಮ್ಮೆ ಮಾತ್ರ ಸಿಕ್ಕಿಬಿದ್ದೆ. ಸುಮಿತ್ರೆಯ ಮಾವ ಸಿಟ್ಟಿನಿಂದ ಉಯಿಲು ಹರಿದು ಹಾಕುವಾಗ, "ಹರಿದು ಏನು ಪ್ರಯೋಜನ, ಅದು ನೋಂದಣಿ ಆಗಿದೆಯಲ್ಲ" ಎಂದು ಬಾಯಿಬಿಟ್ಟೆ. ನನ್ನ ಹೆಂಡತಿ ಶಾರದೆ ನಿಧಾನವಾಗಿ ತಿರುಗಿ ನೋಡಿದಳು. "ಪೇಪರಿನಲ್ಲಿ ಬಂದಿದೆ" ಎಂದೆ. ಮರುದಿನದಿಂದ ನನ್ನ ಕುರ್ಚಿ ಟೀವಿಗೆ ಎರಡಡಿ ಹತ್ತಿರ ಬಂದಿತ್ತು.

ಈ ಧಾರಾವಾಹಿಯಲ್ಲಿ ಸುಮಿತ್ರೆ ಹೆಸರಿಗಷ್ಟೇ ನಾಯಕಿ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯವರು ನೋಡುತ್ತಿದ್ದದ್ದು ಪದ್ದಕ್ಕನನ್ನು. ಅರವತ್ತು ದಾಟಿದ ಪದ್ದಕ್ಕ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಹೆಂಗಸು. ಅವಳ ಬಳಿ ಒಡವೆಯಿಲ್ಲ, ಕಣ್ಣೀರಿಲ್ಲ. ಸೌಟು ಹಿಡಿದು ನಿಂತರೆ ಜಿಲ್ಲಾಧಿಕಾರಿಯೂ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಇಂಥ ಪದ್ದಕ್ಕನನ್ನು ವಾಹಿನಿಯವರು ಒಂದು ಸೋಮವಾರ ಏಕಾಏಕಿ ಕಾಶಿಗೆ ಕಳಿಸಿಬಿಟ್ಟರು. ಅವಳ ಜಾಗಕ್ಕೆ ತುಟಿಗೆ ಬಣ್ಣ ಹಚ್ಚಿದ ಒಬ್ಬಳು ಸೋದರಸೊಸೆ ಬಂದಳು. ಅವಳು ಸೌಟನ್ನು ಟೂತ್‌ಬ್ರಶ್ಶಿನಂತೆ ಹಿಡಿಯುತ್ತಿದ್ದಳು.

ಶಾರದೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಅವಳ ಮೊಬೈಲಿನಲ್ಲಿ 'ಪದ್ದಕ್ಕನ ಬಳಗ' ಎಂಬ ವಾಟ್ಸಾಪ್ ಗುಂಪು ಹುಟ್ಟಿತು. ಆ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಮೂರೂ ತಾಲೂಕುಗಳಿಂದ ಹದಿನಾರು ಹೆಂಗಸರು ಸೇರಿದರು. ಪ್ರತಿಭಟನೆ ಆಗಲೇಬೇಕು ಎಂಬುದರಲ್ಲಿ ಭಿನ್ನಮತವಿರಲಿಲ್ಲ. ಹೇಗೆ ಎನ್ನುವುದೇ ಪ್ರಶ್ನೆ. ಬಸ್‌ಸ್ಟ್ಯಾಂಡಿನ ಎದುರು ಪ್ರತಿಕೃತಿ ಸುಡೋಣ ಎಂದು ಒಬ್ಬರು ಹೇಳಿದರು. ಯಾರ ಪ್ರತಿಕೃತಿ ಎಂದರೆ, ಕಥೆ ಬರೆಯುವವನ ಮುಖ ಯಾರಿಗೂ ಗೊತ್ತಿರಲಿಲ್ಲ. ಟೀವಿಯನ್ನೇ ಬೀದಿಗೆ ತಂದು ಒಡೆಯೋಣ ಎಂದು ಮತ್ತೊಬ್ಬರೆಂದರು. ಪಕ್ಕದ ಮನೆಯ ಭಾಗೀರಥಿ ಅದಕ್ಕೆ ಒಪ್ಪಲಿಲ್ಲ. "ಒಡೆದ್ರೆ ನಾಳೆ ಎಂತ ನೋಡದು? ಎಂಗ್ಳ ಮನೇಲಿ ಇಪ್ಪದೇ ಒಂದು" ಎಂದಳು.

ಆಗ ತೀರ್ಥಹಳ್ಳಿಯಿಂದ ಬಂದಿದ್ದ ಸೀತಮ್ಮ ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ಹೆಡ್‌ಮಿಸ್ ಆಗಿ ನಿವೃತ್ತರಾದವರು. ಅವರು ಕನ್ನಡಕ ಒರೆಸಿದರೆ ಮೂರು ತಾಲೂಕೂ ಸುಮ್ಮನಾಗುತ್ತದೆ.

"ಬೈದ್ರೆ ಅವ್ರಿಗೇನೂ ಆಗಲ್ಲ, ಬೈಸಿಕೊಂಡೇ ಬೆಳೆದೋರು ಅವ್ರು. ನಾವು ಪದ್ದಕ್ಕನ ಹೆಸರಲ್ಲಿ ಒಂದು ಒಳ್ಳೇ ಕೆಲಸ ಮಾಡಿ ತೋರಿಸ್ಬೇಕು. ಆಗ ನಾಚಿಕೆ ಆಗುತ್ತೆ" ಎಂದರು.

ಹೊಸನಗರದ ಕಡೆಯ ಒಂದು ಶಾಲೆಯಲ್ಲಿ ಅಡುಗೆಯ ಗಿರಿಜಮ್ಮ ಸೋರುವ ಪಾತ್ರೆಗೆ ಹಿಟ್ಟು ಮೆತ್ತಿ ಸಾರು ಕುದಿಸುತ್ತಾಳೆ, ಮಸಾಲೆಯನ್ನು ಮನೆಯಿಂದಲೇ ರುಬ್ಬಿಕೊಂಡು ಬರುತ್ತಾಳೆ ಎನ್ನುವುದು ಟೀಚರಿಗೆ ತಿಳಿದಿತ್ತು. ಆ ಶಾಲೆಗೆ ಪದ್ದಕ್ಕನ ಹೆಸರಿನಲ್ಲಿ ಹೊಸ ಪಾತ್ರೆಗಳು, ಒಂದು ದೊಡ್ಡ ಗ್ರೈಂಡರು. ಹಣಕ್ಕೆ ಚಕ್ಕುಲಿ. ಏಳೂವರೆಗೆ ಎಲ್ಲರೂ ಟೀವಿ ಆರಿಸುವುದು, ಆ ಅರ್ಧ ಗಂಟೆ ಚಕ್ಕುಲಿ ಒತ್ತುವುದು, ಮಾರುವುದು. ಹದಿನಾರೂ ಕೈ ಎದ್ದವು. ಬಾಗಿಲ ಮರೆಯಲ್ಲಿ ನಿಂತಿದ್ದ ನಾನು ಮಾತ್ರ ಗಡಿಯಾರ ನೋಡಿದೆ. ಅಂದೇ ಸುಮಿತ್ರೆಯ ಗಂಡ ಜೈಲಿನಿಂದ ಬರುವವನಿದ್ದ.

"ನಮ್ಮನೆಯವ್ರು ಪತ್ರ ಚೆನ್ನಾಗಿ ಬರೀತಾರೆ" ಎಂದು ಶಾರದೆ ಅಷ್ಟರಲ್ಲಿ ನನ್ನನ್ನು ಸಭೆಗೆ ಒಪ್ಪಿಸಿಬಿಟ್ಟಳು.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಗುಮಾಸ್ತ. 'ಸದರಿ' ಎಂಬ ಪದವಿಲ್ಲದೆ ಕಾಫಿಯನ್ನೂ ಕೇಳಲಾರದ ಸ್ಥಿತಿಗೆ ಬಂದಿದ್ದೇನೆ. ವಾಹಿನಿಗೆ ನಾನು ಬರೆದ ಪತ್ರ ಹೀಗೆ ಶುರುವಾಗುತ್ತದೆ: "ವಿಷಯ: ಶ್ರೀಮತಿ ಪದ್ದಕ್ಕನವರನ್ನು ಕಾಶಿಯಿಂದ ವಾಪಸು ಕರೆಸಿಕೊಳ್ಳುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿಯವರ ಅನುಪಸ್ಥಿತಿಯಿಂದ ಮೂರು ತಾಲೂಕುಗಳ ಸಂಜೆಗಳು ಅಸ್ತವ್ಯಸ್ತಗೊಂಡಿದ್ದು..." ಓದಿದ ಸೀತಮ್ಮ ಟೀಚರ್ ಎರಡು ಕಡೆ ದೀರ್ಘ ಸರಿಪಡಿಸಿ, ಪರವಾಗಿಲ್ಲ ಎಂದರು. ಅಲ್ಲಿಂದ ಮುಂದೆ ನಾನು ಬಳಗದ ಕಾರ್ಯದರ್ಶಿ. ಅಂದರೆ ಚಕ್ಕುಲಿ ಹೊರುವವನು.

ಪೊಟ್ಟಣಗಳ ಮೇಲೆ 'ಇದು ತಿಂಡಿಯಲ್ಲ, ಪ್ರತಿಭಟನೆ' ಎಂದು ಅಚ್ಚು ಹಾಕಿಸಿದ್ದೆವು. ಇಕ್ಕೇರಿ ದೇವಸ್ಥಾನ ನೋಡಲು ಬಂದ ಪ್ರವಾಸಿಗರು ಅದನ್ನು ಓದಿ ನಕ್ಕು ಕೊಂಡರು. ವರದಹಳ್ಳಿಗೆ ಹೊರಟ ಭಕ್ತರು ಓದದೆ, ಪ್ರಸಾದವೆಂದು ತಿಳಿದು ಕಣ್ಣಿಗೊತ್ತಿಕೊಂಡು ಕೊಂಡರು. ನಾನು ತಿದ್ದಲು ಹೋಗಲಿಲ್ಲ. ಸಾಗರದ ಪೇಟೆಯಲ್ಲಿ ಜವಳಿ ಅಂಗಡಿಯ ಗಣಪಯ್ಯನವರ ಮುಂದೆ ನಿಂತು, "ಪದ್ದಕ್ಕನ ಹೆಸರಲ್ಲಿ ಶಾಲೆಗೆ ಕೊಡ್ತಾ ಇದೀವಿ" ಎಂದಾಗ ಅವರ ಮುಖ ಸಣ್ಣಗಾಯಿತು.

"ಯಾವಾಗ ಹೋದ್ರು?"

"ಹೋದ ತಿಂಗಳು. ಕಾಶಿಗೆ."

"ಪುಣ್ಯವಂತರು" ಎಂದು ಗಣಪಯ್ಯ ಕಣ್ಣು ಮುಚ್ಚಿದರು. "ನಮ್ಮ ತಾಯಿ ಕಡೆಯಿಂದ ಸಂಬಂಧ ಆಗ್ಬೇಕು. ಸಣ್ಣೋನಿದ್ದಾಗ ಅವ್ರ ಕೈಯೂಟ ಉಂಡಿದೀನಿ. ಅಂಥ ಹುಳಿ ಆಮೇಲೆ ಎಲ್ಲೂ ಸಿಗಲಿಲ್ಲ ನೋಡಿ." ಆರು ಪೊಟ್ಟಣ ಕೊಂಡು, ನನ್ನನ್ನು ಕೂರಿಸಿ ನೀರು ಕೊಟ್ಟು, ಮನೆಯವರಿಗೆ ಧೈರ್ಯ ಹೇಳಿ ಎಂದು ಕಳಿಸಿದರು. ನಿಜ ಹೇಳಬೇಕು ಅನ್ನಿಸಿತು. ಆದರೆ ಇಷ್ಟು ಗಾಢವಾದ ಸಂಬಂಧವನ್ನು ಕಡಿಯಲು ಮನಸ್ಸು ಬರಲಿಲ್ಲ.

ಇತ್ತ ಮನೆಯಲ್ಲಿ ಏಳೂವರೆಯ ಬಹಿಷ್ಕಾರ ಕಟ್ಟುನಿಟ್ಟಾಗಿ ನಡೆದಿತ್ತು. ನನಗೆ ಮಾತ್ರ ದಿನಾ ಅದೇ ಹೊತ್ತಿಗೆ ಹೊಟ್ಟೆ ಕೆಟ್ಟು, ಮೊಬೈಲು ಹಿಡಿದು ಬಚ್ಚಲಿಗೆ ಹೋಗಬೇಕಾಗುತ್ತಿತ್ತು. ಹದಿನೈದು ದಿನ ಕಳೆದ ಮೇಲೆ ಭಾಗೀರಥಿ ಚಕ್ಕುಲಿ ಒತ್ತುತ್ತ, "ಆ ಸೋದರಸೊಸೆ ನಿನ್ನೆ ಸಾರಿಗೆ ಸಕ್ಕರೆ ಹಾಕಿದ್ದು" ಎಂದು ನಾಲಿಗೆ ಕಚ್ಚಿಕೊಂಡಳು. ಯಾರೂ ಅವಳನ್ನು ಬೈಯಲಿಲ್ಲ. "ಸಕ್ಕರೆ ಅಲ್ಲ, ಬೆಲ್ಲ" ಎಂದು ಶಾರದೆ ಮೆಲ್ಲಗೆ ಹೇಳಿದಳು.

ಎರಡು ತಿಂಗಳಲ್ಲಿ ಪಾತ್ರೆ, ಗ್ರೈಂಡರು ಎರಡೂ ಬಂದವು. ಪತ್ರಿಕೆಯಲ್ಲಿ ನಮ್ಮ ಚಿತ್ರವೂ ಬಂತು. ವಾಹಿನಿಯಿಂದ ಫೋನು ಮಾಡಿದ ಒಬ್ಬ ಯುವಕ, ಹಸ್ತಾಂತರಕ್ಕೆ ಸೋದರಸೊಸೆಯ ಪಾತ್ರಧಾರಿಯನ್ನೇ ಕ್ಯಾಮೆರಾ ಸಮೇತ ಕಳಿಸುತ್ತೇವೆ ಎಂದ. "ಅವಳು ಬಂದ್ರೆ ಸೌಟು ಹೇಗೆ ಹಿಡಿಯೋದು ಅಂತ ಇಲ್ಲೇ ಕಲಿಸ್ತೀವಿ, ಅದನ್ನೂ ಶೂಟಿಂಗ್ ಮಾಡ್ಕೊಳ್ಳಿ" ಎಂದರು ಸೀತಮ್ಮ ಟೀಚರ್. ಆತ ಮತ್ತೆ ಫೋನು ಮಾಡಲಿಲ್ಲ.

ಹಸ್ತಾಂತರದ ದಿನ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ನಾನು ವರದಿ ಓದಲು ಎದ್ದು ನಿಂತಾಗ ಗೇಟಿನಲ್ಲಿ ಒಂದು ಬಾಡಿಗೆ ಕಾರು ನಿಂತಿತು. ಕೋಲೂರಿಕೊಂಡು, ಹತ್ತಿಯ ಸೀರೆಯ ಒಬ್ಬ ಹೆಂಗಸು ಇಳಿದರು. ಹದಿನಾರು ಹೆಂಗಸರೂ ಒಟ್ಟಿಗೆ ಎದ್ದು ನಿಂತರು. ಪದ್ದಕ್ಕ. ಆ ಪಾತ್ರ ಮಾಡುತ್ತಿದ್ದ ನಟಿ, ಹೆಗ್ಗೋಡಿಗೆ ನಾಟಕ ನೋಡಲು ಬಂದಿದ್ದವರು, ಸುದ್ದಿ ತಿಳಿದು ತಾವಾಗಿಯೇ ಬಂದಿದ್ದರು. ಶಾರದೆ ಅತ್ತಳು. ಭಾಗೀರಥಿ ಅವರ ಕೈ ಹಿಡಿದವಳು ಬಿಡಲೇ ಇಲ್ಲ. ಗಿರಿಜಮ್ಮ ಮಾತ್ರ ಒಲೆಯ ಬಳಿಯಿಂದಲೇ ಅವರನ್ನು ನೋಡಿ, "ನೀವು ಸೌಟು ಹಿಡಿಯೋದು ನೋಡಿದ್ರೇ ಗೊತ್ತಾಗ್ತಿತ್ತು, ಅಡುಗೆ ಬರಲ್ಲ ಅಂತ" ಎಂದಳು.

"ಒಂದು ದಿನಾನೂ ಒಲೆ ಹಚ್ಚಿಲ್ಲಮ್ಮ. ನಮ್ಮನೇಲಿ ಯಜಮಾನರದೇ ಅಡುಗೆ" ಎಂದು ಆಕೆ ನಕ್ಕರು. ಬಡಿಸಿದ್ದನ್ನು ನೆಲದ ಮೇಲೆ ಕೂತು ಉಣ್ಣಲಾಗದೆ ಬೆಂಚಿನ ಮೇಲೆ ಕೂತು ಉಂಡರು. ಆಮೇಲೆ ತಟ್ಟೆ ಕೆಳಗಿಟ್ಟು ಕೇಳಿದರು: "ಆ ಕಾಗದ ಬರೆದವರು ಯಾರು?"

ಹದಿನಾರು ಬೆರಳುಗಳು ಒಂದೇ ಸಲ ನನ್ನ ಕಡೆ ತಿರುಗಿದವು. ನಾನು ಹೊಗಳಿಕೆಗೆ ಸಿದ್ಧವಾಗಿ ಅಂಗಿಯ ತೋಳು ಸರಿಪಡಿಸಿಕೊಂಡೆ.

"ನನ್ನನ್ನ ಯಾರೂ ತೆಗೆದು ಹಾಕಿರಲಿಲ್ಲ ಸ್ವಾಮಿ" ಎಂದರು ಆಕೆ. "ದಿನಕ್ಕೆ ಹತ್ತು ಗಂಟೆ ನಿಂತು ನಿಂತು ಮಂಡಿ ಹೋಗಿದೆ. ಬಿಡಿಸಿ ಅಂತ ನಾನೇ ಕೇಳಿಕೊಂಡಿದ್ದೆ. ಕಾಶಿ ಅಂತ ಹೇಳಿಕೊಟ್ಟಿದ್ದೂ ನಾನೇ. ಈಗ ವಾಹಿನಿಯವರು ನಿಮ್ಮ ಕಾಗದ ತೋರಿಸಿ, ಮೂರು ತಾಲೂಕು ಕಾಯ್ತಾ ಇದೆ, ಬರಲೇಬೇಕು ಅಂತ ಕೂತಿದಾರೆ. ಇಲ್ಲ ಅಂದ್ರೆ ಈ ಮಕ್ಕಳ ಮುಖಕ್ಕೆ ಇಲ್ಲ ಅಂದ ಹಾಗೆ ಅಂತಾರೆ."

ಎರಡು ತಿಂಗಳು ನಾವು ಹೋರಾಡಿದ್ದು ಒಬ್ಬ ವಯಸ್ಸಾದ ಹೆಂಗಸಿನ ವಿಶ್ರಾಂತಿಯ ವಿರುದ್ಧ ಎಂಬುದು ಎಲ್ಲರಿಗೂ ನಿಧಾನವಾಗಿ ಅರ್ಥವಾಯಿತು. ಶಾರದೆ ತಲೆ ತಗ್ಗಿಸಿದಳು. ನನಗೆ ಆ ಹೊಸ ಪಾತ್ರೆಯೊಂದರೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳಬೇಕು ಅನ್ನಿಸಿತು. ಸೀತಮ್ಮ ಟೀಚರ್ ಮತ್ತೆ ಕನ್ನಡಕ ಒರೆಸಿಕೊಂಡರು. "ನಿಮ್ಗೆ ಆ ಕೆಲಸ ಬೇಡ್ವಾ, ನಿಲ್ಲೋದು ಬೇಡ್ವಾ?" ಎಂದು ಕೇಳಿದರು. ಆಕೆ ಸ್ವಲ್ಪ ಯೋಚಿಸಿ, "ನಿಲ್ಲೋದು" ಎಂದರು. "ಹಾಗಾದ್ರೆ ಕೂತು ಮಾಡಿ. ನಾನು ಕೊನೇ ನಾಲ್ಕು ವರ್ಷ ಕೂತೇ ಪಾಠ ಮಾಡಿದ್ದು. ಒಬ್ಬ ಹುಡುಗನೂ ಹೆದರೋದು ಕಡಿಮೆ ಮಾಡಲಿಲ್ಲ."

ಹೀಗಾಗಿ ನಾನು ಎರಡನೆಯ ಪತ್ರ ಬರೆಯಬೇಕಾಯಿತು. "ಉಲ್ಲೇಖಿತ ಪತ್ರದ ಮುಂದುವರಿಕೆಯಾಗಿ, ಸದರಿ ಪದ್ದಕ್ಕನವರಿಗೆ ಕುರ್ಚಿ ಒದಗಿಸುವ ಬಗ್ಗೆ." ವಾಹಿನಿಯವರು ಒಪ್ಪಿದರು. ಪದ್ದಕ್ಕ ಕಾಶಿಯಿಂದ ಕಾಲು ನೋವಿಟ್ಟುಕೊಂಡು ಮರಳಿದಳು. ವಾರಕ್ಕೆ ಎರಡೇ ದಿನ, ಅದೂ ಬೆತ್ತದ ಕುರ್ಚಿಯಲ್ಲಿ ಕೂತು ಸೌಟು ತೋರಿಸುತ್ತಾಳೆ. ಜಿಲ್ಲಾಧಿಕಾರಿ ಈಗ ಮೂರು ಹೆಜ್ಜೆ ಹಿಂದೆ ಸರಿಯುತ್ತಾನೆ.

ಆದರೆ ಅವಳ ಜೊತೆಗೆ ಕಥೆಯೊಳಗೆ ಇನ್ನೊಬ್ಬನೂ ಬಂದ. ಶಾಲೆಗೆ ಲೆಕ್ಕ ಕೇಳಲು ಬರುವ ಒಬ್ಬ ಗುಮಾಸ್ತ. ಮಾತಿಗೊಮ್ಮೆ ಅಂಗಿಯ ತೋಳು ಸರಿಪಡಿಸಿಕೊಳ್ಳುತ್ತಾನೆ. "ಸದರಿ ಸಾರು ಮೇಲ್ಕಂಡ ಅನ್ನಕ್ಕೆ ಸಾಲುವುದಿಲ್ಲ" ಎನ್ನುತ್ತಾನೆ. ಮೊದಲ ದಿನ ಶಾರದೆ ನಕ್ಕೂ ನಕ್ಕೂ ಸೋಫಾದಿಂದ ಜಾರಿದಳು. ಕಚೇರಿಯಲ್ಲಿ ನಾನು ಬಾಗಿಲು ದಾಟಿದರೆ ಸಾಕು, ಯಾರಾದರೊಬ್ಬರು ಸಾರಿನ ವಿಷಯ ತೆಗೆಯುತ್ತಿದ್ದರು. ನಾಚಿಕೆಯಾಯಿತು ನಿಜ. ಆದರೂ ನಾಲ್ಕನೆಯ ಕಂತಿಗೆ ಆತ ನನಗೆ ಹಿಡಿಸತೊಡಗಿದ. ಆರನೆಯ ಕಂತಿಗೆ ಅವನಿಂದಲೇ ಧಾರಾವಾಹಿಗೆ ಕಳೆ ಬಂದಿದೆ ಅನ್ನಿಸಿತು.

ಮೂರನೆಯ ವಾರ ಅವನನ್ನು ವರ್ಗಾವಣೆ ಮಾಡಿ ಎಲ್ಲಿಗೋ ಕಳಿಸಿಬಿಟ್ಟರು. ಬೀಳ್ಕೊಡುಗೆಯೂ ಇಲ್ಲ, ಒಂದೇ ಮಾತಿನಲ್ಲಿ ಮುಗಿಸಿದರು. ಬಳಗದಲ್ಲಿ ಏನಾದರೂ ಗದ್ದಲವೆದ್ದಿರಬಹುದೆಂದು ಶಾರದೆಯ ಮೊಬೈಲು ಇಣುಕಿದೆ. ಸುಮಿತ್ರೆಯ ಸೀರೆಯ ಅಂಚಿನ ಬಗ್ಗೆ ಚರ್ಚೆ ನಡೆದಿತ್ತು. ಎರಡು ದಿನ ಕಾದು ಕೇಳಿದೆ:

"ಆ ಗುಮಾಸ್ತ ಹೋದನಲ್ಲ, ಯಾರೂ ಏನೂ ಮಾಡಲ್ವಾ?"

"ಯಾವ ಗುಮಾಸ್ತ?" ಎಂದಳು ಶಾರದೆ.

ವಾಹಿನಿಗೆ ನಾನೇ ಮೂರನೆಯ ಪತ್ರ ಬರೆದೆ. ಕೆಳಗೆ 'ಇಂತಿ, ನೊಂದ ವೀಕ್ಷಕರು' ಎಂದು ಬಹುವಚನದಲ್ಲೇ ಬರೆದು, ಒಂದೇ ಒಂದು ಸಹಿ ಹಾಕಿ ಅಂಚೆಗೆ ಹಾಕಿ ಬಂದಿದ್ದೇನೆ.